ಹವ್ಯಾಸಿ ಬೇಸಿಸ್ಟ್: 45 ಸಾವಿರದಲ್ಲಿ ಸ್ಟೇಜಿಗೂ ಮನೆ ರೆಕಾರ್ಡಿಂಗಿಗೂ ಏನು ಕೊಳ್ಳಲಿ?

ತುಮಕೂರು ಬೇಸ್ · ಆಗಸ್ಟ್ 9

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಬೇಸ್ ಗಿಟಾರ್ ಕಲಿಯುತ್ತಿದ್ದೇನೆ. ಇಷ್ಟು ದಿನ ಗೆಳೆಯನ ಗಿಟಾರ್‌ನಲ್ಲೇ ನಡೆಯಿತು. ಅವನಿಗೆ ಪುಣೆಗೆ ವರ್ಗವಾಗಿದೆ, ತಿಂಗಳ ಕೊನೆಗೆ ವಾಪಸ್ ಕೊಡಬೇಕು.

ಆಫೀಸಿನ ಐದು ಜನ ಸೇರಿ ಒಂದು ತಂಡ ಮಾಡಿಕೊಂಡಿದ್ದೇವೆ. ನವೆಂಬರ್‌ನಲ್ಲಿ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಒಂದೂವರೆ ಗಂಟೆ ರಸಮಂಜರಿ ಕೊಡಲು ಕರೆದಿದ್ದಾರೆ. ನನಗೆ ಅದೇ ಮೊದಲ ಸ್ಟೇಜ್. ಜೊತೆಗೆ ರಾತ್ರಿ ಹೊತ್ತು ಮನೆಯಲ್ಲಿ ರೆಕಾರ್ಡ್ ಮಾಡುವ ಆಸೆಯೂ ಇದೆ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಒಂದಿದೆ. ಬೇರೆ ಏನೂ ಇಲ್ಲ.

ಎಲ್ಲಾ ಸೇರಿ 45 ಸಾವಿರ ಕೂಡಿಟ್ಟಿದ್ದೇನೆ. ನಮ್ಮ ಲೀಡ್ ಗಿಟಾರ್ ಹುಡುಗ, "ಮೊದಲು 100 ವಾಟ್ ಆಂಪ್ಲಿಫೈಯರ್ ತಗೋ, 25-30 ಸಾವಿರ ಅದಕ್ಕೇ ಹಾಕು, ಉಳಿದದ್ದರಲ್ಲಿ ಯಾವುದಾದರೂ ಬೇಸ್ ಬರುತ್ತೆ" ಅನ್ನುತ್ತಾನೆ. ಇದು ಸರಿಯಾ? ಒಂದು ಸಲ ಖರ್ಚಾದರೆ ಮತ್ತೆ ಇಷ್ಟು ಕೂಡಿಡಲು ನನಗೆ ವರ್ಷ ಬೇಕು. ಅನುಭವ ಇರುವವರು ದಯವಿಟ್ಟು ಹೇಳಿ.

ಮೈಕ್‌ಸೆಟ್ ಮಾವ, ಹಾಸನ · ಆಗಸ್ಟ್ 9

ಮೊದಲ ಸ್ಟೇಜಿಗೆ ಶುಭವಾಗಲಿ ತಮ್ಮಾ. ನಾನು ನುಡಿಸುವವನಲ್ಲ, ಸೌಂಡ್ ಹಾಕುವವನು. 22 ವರ್ಷದಿಂದ ಗಣಪತಿ, ಊರಹಬ್ಬ, ಮದುವೆ, ಕಾಲೇಜ್ ಡೇ ಎಲ್ಲಾ ಮಾಡಿದ್ದೇನೆ. ಮಿಕ್ಸರ್ ಹಿಂದೆ ನಿಂತವನ ಮಾತು ಅಂತ ಕೇಳು.

ಬಯಲಿನ ಕಾರ್ಯಕ್ರಮದಲ್ಲಿ ಜನಕ್ಕೆ ಕೇಳಿಸುವುದು ನಿನ್ನ ಆಂಪ್ ಅಲ್ಲ. ನಾವು ಎರಡೂ ಕಡೆ ಜೋಡಿಸುವ ಬಾಕ್ಸ್ ಮತ್ತು ಸಬ್ (ಕೆಳಸ್ವರದ ದೊಡ್ಡ ಸ್ಪೀಕರ್). ನಿನ್ನ 100 ವಾಟ್ ಬಯಲಿನಲ್ಲಿ ಮುಂದಿನ ನಾಲ್ಕು ಸಾಲು ಕುರ್ಚಿ ದಾಟುವುದಿಲ್ಲ. 50 ವಾಟಿನ ಬದಲು 100 ತಂದೆ ಅಂದರೂ ಸದ್ದು ಎರಡು ಪಟ್ಟಾಗುವುದಿಲ್ಲ, ಬರೀ 3 ಡೆಸಿಬೆಲ್ ಜಾಸ್ತಿಯಾಗುತ್ತದೆ. ಕಿವಿಗೆ ಅದು ಸಣ್ಣ ಏರಿಕೆ ಅಷ್ಟೆ.

ಹಾಗಾದರೆ ಏನು ತರಬೇಕು? ಒಂದು ಡಿಐ ಬಾಕ್ಸ್. ಕೈಯಲ್ಲಿ ಹಿಡಿಯುವಷ್ಟು ಪೆಟ್ಟಿಗೆ, ಬೇಸಿನ ಸದ್ದನ್ನು ಮಿಕ್ಸರಿಗೆ ಒಗ್ಗುವ ಹಾಗೆ ಮಾಡಿ ಕಳಿಸುತ್ತದೆ. ಎಷ್ಟೋ ಹುಡುಗರು ಬೇಸಿನ ವೈರನ್ನು ನೇರವಾಗಿ ಮಿಕ್ಸರಿಗೆ ಚುಚ್ಚಿ, "ಸರ್, ಸೌಂಡ್ ಮಂಕಾಗಿದೆ" ಅಂತಾರೆ. ಮಂಕಾಗದೆ ಇನ್ನೇನು? ಬ್ಯಾಟರಿ ಇಲ್ಲದ ಬೇಸಿನ ಪಿಕಪ್‌ಗೆ, ಅಂದರೆ ತಂತಿಯ ನಡುಕವನ್ನು ಸಿಗ್ನಲ್ ಮಾಡುವ ಭಾಗಕ್ಕೆ, ಎದುರುಗಡೆ ಸುಮಾರು 10 ಲಕ್ಷ ಓಮ್ ಇಂಪೀಡೆನ್ಸ್ (ಸಿಗ್ನಲ್‌ಗೆ ಇರುವ ತಡೆ) ಬೇಕು. ಇದು ಕಡಿಮೆಯಾದಷ್ಟೂ ಪಿಕಪ್ ಮೇಲೆ ಭಾರ ಜಾಸ್ತಿ. ಮಿಕ್ಸರಿನ ಲೈನ್ ಇನ್‌ಪುಟ್‌ನಲ್ಲಿ ಸಾಮಾನ್ಯವಾಗಿ 10-20 ಸಾವಿರ ಇರುತ್ತದೆ. ಮೈಕ್ ಇನ್‌ಪುಟ್ ಆದರೆ ಒಂದೆರಡು ಸಾವಿರ. ಪಿಕಪ್ ಅಷ್ಟು ಭಾರ ಎಳೆಯಲಾರದೆ ಮೇಲಿನ ಸ್ವರದ ಹೊಳಪೆಲ್ಲ ಕಳೆದುಕೊಳ್ಳುತ್ತದೆ. ಡಿಐ ನಡುವೆ ನಿಂತು ಇದನ್ನು ಸರಿ ಮಾಡುತ್ತದೆ. ಅಲ್ಲಿಂದ ಮುಂದೆ ಮೈಕಿನ ವೈರಿನಲ್ಲೇ 30-40 ಮೀಟರ್ ಬಂದರೂ ಗಲೀಜು ಹತ್ತುವುದಿಲ್ಲ. ಗಿಟಾರ್ ವೈರು 5-6 ಮೀಟರ್ ದಾಟಿದರೆ ಸದ್ದು ಹಾಳು, ನೆನಪಿರಲಿ.

ಬ್ಯಾಟರಿ ಇಲ್ಲದ ಬೇಸಿಗೆ ಆಕ್ಟಿವ್ ಡಿಐ (ಕರೆಂಟ್ ಬೇಕಾದದ್ದು) ತಗೋ. ಬ್ಯಾಟರಿ ಇರುವ ಬೇಸಿಗೆ ಪ್ಯಾಸಿವ್ (ಕರೆಂಟ್ ಬೇಡದ್ದು) ಸಾಕು. ಆಕ್ಟಿವ್ ಡಿಐಗೆ ಮಿಕ್ಸರಿನಿಂದ 48 ವೋಲ್ಟ್ ಬರಬೇಕು. ಎಲ್ಲಾ ಕಡೆ ಅದು ಸಿಗುತ್ತದೆ ಅಂತ ನಂಬಬೇಡ. ಬೆಹ್ರಿಂಗರ್ ಡಿಐ100 ತರಹದ್ದು 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತದೆ, ಹಳ್ಳಿ ಕಡೆಗೆ ಅದೇ ವಾಸಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಬ್ಯಾಗಿನಲ್ಲಿ ಒಂದು ಟೆಸ್ಟರ್ ಇಟ್ಟುಕೋ. ಬೇಸಿನ ತಂತಿಗಳು ಒಳಗೆ ಬ್ರಿಡ್ಜ್ ಮೂಲಕ ಅರ್ಥ್‌ಗೆ ಸೇರಿರುತ್ತವೆ. ಜನರೇಟರಿಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ, ನೀನು ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯಬಹುದು. ಹಾಡುವವರು ಕೂಗಿಕೊಂಡು ಹಿಂದೆ ಬಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮೈಕಿನ ಜಾಲರಿಗೂ ಬೇಸಿನ ಜ್ಯಾಕ್‌ಗೂ ಟೆಸ್ಟರ್ ಮುಟ್ಟಿಸು. ದೀಪ ಹತ್ತಿದರೆ ಸರಿಯಾಗುವವರೆಗೆ ನುಡಿಸಬೇಡ. ಯಾರು ಅವಸರ ಮಾಡಿದರೂ ಸರಿಯೇ.

ಹುಬ್ಬಳ್ಳಿ ರಾಕ್ · ಆಗಸ್ಟ್ 10

ಮಾವ ಹೇಳಿದ್ದು ದೊಡ್ಡ ಸ್ಟೇಜಿಗೆ ಸರಿ. ಆದರೆ ಎಲ್ಲಾ ಕಡೆ ಅಂಥ ಸೌಂಡ್ ಎಲ್ಲಿರುತ್ತದೆ? ಹೋದ ವರ್ಷ ಒಂದು ಮದುವೆ ಹಾಲ್‌ನಲ್ಲಿ ನುಡಿಸಿದೆವು. ಎರಡು ಬಾಕ್ಸ್, ಎರಡು ಮೈಕ್, ಒಂದು ಸಣ್ಣ ಮಿಕ್ಸರ್. ಮಾನಿಟರ್ (ನುಡಿಸುವವರ ಕಡೆ ತಿರುಗಿಸಿದ ಸ್ಪೀಕರ್) ಇಲ್ಲವೇ ಇಲ್ಲ. ಬೇಸ್ ಹಾಕಿದ ಕೂಡಲೇ ಬಾಕ್ಸ್ ಗೊರಗೊರ ಅಂದಿತು, ಸೌಂಡಿನವರು ನನ್ನ ಚಾನಲ್ ಇಳಿಸಿಬಿಟ್ಟರು. ಎರಡು ಗಂಟೆ ನನ್ನ ಸ್ವರ ನನಗೇ ಕೇಳಲಿಲ್ಲ. ಬೆರಳಿನ ಲೆಕ್ಕದ ಮೇಲೆ ನುಡಿಸಿದೆ. ಆವತ್ತು ಮನೆಗೆ ಬಂದು ಊಟ ಸೇರಲಿಲ್ಲ.

ಆಮೇಲೆ ಫೆಂಡರ್ ರಂಬಲ್ 40 ತಗೊಂಡೆ. 10 ಇಂಚಿನ ಸ್ಪೀಕರ್, ತೂಕ ಸುಮಾರು 8 ಕಿಲೋ, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗಬಹುದು. ಹಿಂದೆ ಡಿಐ ಔಟ್ ಇದೆ, ಸೌಂಡಿನವರಿಗೆ ಅದೇ ಕೊಡುತ್ತೇನೆ. ಪ್ರಾಕ್ಟೀಸಿಗೂ ಆಯಿತು, ಸ್ಟೇಜಿನಲ್ಲಿ ನನ್ನ ಕಿವಿಗೂ ಆಯಿತು. ಡಿಐ ಔಟ್ ಇರುವ ಸಣ್ಣ ಆಂಪ್ ತಗೊಂಡರೆ ಬೇರೆ ಡಿಐ ಬಾಕ್ಸೇ ಬೇಡ, ಅಲ್ವಾ?

ಮೈಕ್‌ಸೆಟ್ ಮಾವ, ಹಾಸನ · ಆಗಸ್ಟ್ 10

ಹುಬ್ಬಳ್ಳಿ ತಮ್ಮ ಹೇಳಿದ್ದು ನಿಜ. ಹಾಲ್‌ಗಳಲ್ಲಿ ಸಬ್ ಇಲ್ಲದ ಸೆಟ್ ಜಾಸ್ತಿ. ಅಲ್ಲಿ ಚಾನಲ್ ಇಳಿಸುವುದು ನಮಗೂ ಅನಿವಾರ್ಯ, ಇಲ್ಲದಿದ್ದರೆ ಹಾಡುವವರ ಧ್ವನಿಯೇ ಒಡೆಯುತ್ತದೆ. ಅಂಥ ಕಡೆ ಸಣ್ಣ ಆಂಪ್ ಕೈ ಹಿಡಿಯುತ್ತದೆ. ನನ್ನ ತಕರಾರು 100 ವಾಟ್ ಮೊದಲು, ಬೇಸ್ ಆಮೇಲೆ ಅನ್ನುವ ಲೆಕ್ಕದ ಮೇಲೆ ಮಾತ್ರ. ಆಂಪ್ ನಿನ್ನ ಕಿವಿಗೆ, ಡಿಐ ಜನರ ಕಿವಿಗೆ. ಎರಡರ ಕೆಲಸ ಬೇರೆ.

ಕರಾವಳಿ ಗಿಟಾರ್, ಉಡುಪಿ · ಆಗಸ್ಟ್ 10

ಬೇಸಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನಾನು ಹೇಳುತ್ತೇನೆ.

ಈ ಬಜೆಟ್‌ನಲ್ಲಿ ಯಮಾಹಾ ಟಿಆರ್‌ಬಿಎಕ್ಸ್174, ಐಬನೇಜ್ ಜಿಎಸ್‌ಆರ್ ಸರಣಿ, ಸ್ಕ್ವಯರ್ ಬೇಸ್‌ಗಳು ಬರುತ್ತವೆ. ನನಗೆ 174 ಇಷ್ಟ. ಅದರಲ್ಲಿ ಪ್ರಿಸಿಷನ್ ತರಹದ ಪಿಕಪ್ ಒಂದು, ಜಾಝ್ ತರಹದ್ದು ಒಂದು. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಿತು, 1957ರಲ್ಲಿ ಅದಕ್ಕೆ ಎರಡು ತುಂಡಿನ ಪಿಕಪ್ ಕೂರಿಸಿತು, 1960ರಲ್ಲಿ ಜಾಝ್ ಬೇಸ್ ಬಂತು. ಇವತ್ತಿಗೂ ಹೆಚ್ಚಿನ ಬೇಸ್‌ಗಳು ಈ ಎರಡರ ಮಕ್ಕಳು, ಮೊಮ್ಮಕ್ಕಳೇ. ಆ ಎರಡು ಸದ್ದನ್ನು ಕೇಳಿ ಗುರುತಿಸಲು ಕಲಿತರೆ ಅಂಗಡಿಯಲ್ಲಿ ನೂರು ಮಾಡೆಲ್ ನೋಡಿ ತಲೆ ಕೆಡುವುದಿಲ್ಲ. ಎರಡು ತುಂಡಿನ ಪಿಕಪ್ ಹಮ್ (ಕರೆಂಟಿನ ಗುಂಯ್ ಸದ್ದು) ಹಿಡಿಯುವುದೂ ಕಡಿಮೆ. ನಮ್ಮ ಕರೆಂಟಿಗೆ ಅದು ದೊಡ್ಡ ಉಪಕಾರ.

ಸೆಕೆಂಡ್ ಹ್ಯಾಂಡ್ ತಗೊಳ್ಳಲು ಹೆದರಬೇಡಿ. ಬೇಸ್ ಹಳತಾದರೆ ಕೆಡುವ ವಸ್ತುವಲ್ಲ. ನೋಡಬೇಕಾದದ್ದು ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಕತ್ತು. ಬುಡದಿಂದ ತುದಿಯವರೆಗೆ ಕಣ್ಣು ಹಾಯಿಸಿ ನೋಡಿ, ತಿರುಚಿದ್ದರೆ ಬೇಡ. ಒಂದೊಂದು ತಂತಿಯಲ್ಲೂ ಎಲ್ಲಾ ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿಗಳ ಮನೆ) ಒತ್ತಿ ನುಡಿಸಿ ನೋಡಿ. ನಾಬ್ ತಿರುಗಿಸುವಾಗ ಕರಕರ ಸದ್ದು ಬಂದರೆ ಅದು ಸಣ್ಣ ರಿಪೇರಿ, ಅದನ್ನು ತೋರಿಸಿ ಬೆಲೆ ಇಳಿಸಬಹುದು.

ಮತ್ತೆ ಸೆಟಪ್. ಕೊಂಡ ಮೇಲೆ ರಿಪೇರಿ ಗೊತ್ತಿರುವವರ ಹತ್ತಿರ ತಂತಿಯ ಎತ್ತರ, ನೆಕ್‌ನ ಬಾಗು, ಇಂಟೋನೇಷನ್ (ಎಲ್ಲಾ ಫ್ರೆಟ್‌ನಲ್ಲೂ ಶ್ರುತಿ ಸರಿ ಕೂರುವುದು) ಸರಿ ಮಾಡಿಸಿ. ನನ್ನ ಮೊದಲ ಬೇಸ್ ಒಂದು ವರ್ಷ ಬೆರಳು ನೋಯಿಸಿತು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುವವನಿದ್ದೆ. 12ನೇ ಫ್ರೆಟ್ ಹತ್ತಿರ ತಂತಿ ಅಷ್ಟು ಮೇಲಿತ್ತು. ಸೆಟಪ್ ಆದ ದಿನ ಬೇರೆ ಬೇಸ್ ಕೊಟ್ಟರೋ ಅನ್ನಿಸಿತು. ನಮ್ಮ ಕಡೆ ಮಳೆಗಾಲದಲ್ಲಿ ಮರ ನೀರು ಹೀರಿ ನೆಕ್ ಮತ್ತೆ ಜರುಗುತ್ತದೆ, ತಂತಿಗೆ ತುಕ್ಕು ಹತ್ತುತ್ತದೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸುತ್ತೇನೆ. ತುಮಕೂರಿನ ಒಣ ಹವೆಯಲ್ಲಿ ನಿಮಗೆ ಇಷ್ಟು ತೊಂದರೆ ಇಲ್ಲ.

ತುಮಕೂರು ಬೇಸ್ · ಆಗಸ್ಟ್ 11

ಎಲ್ಲರಿಗೂ ತುಂಬಾ ಧನ್ಯವಾದ. ಆಂಪ್ ಆಮೇಲೆ ಅನ್ನುವುದು ಮನಸ್ಸಿಗೆ ಬಂತು. ಇನ್ನೆರಡು ಪ್ರಶ್ನೆ. ಐದು ತಂತಿಯದ್ದು ತಗೊಳ್ಳಲಾ? ನಾವು ಹೆಚ್ಚಾಗಿ ಸಿನಿಮಾ ಹಾಡುಗಳನ್ನೇ ಮಾಡುವುದು. ಇನ್ನೊಂದು, ನಮ್ಮ ಭಾವ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬರುತ್ತಾರೆ. ಅಲ್ಲಿಂದ ಏನಾದರೂ ತರಿಸಿಕೊಂಡರೆ ಲಾಭ ಇದೆಯಾ?

ಕೀಬೋರ್ಡ್ ಅಕ್ಕ, ದಾವಣಗೆರೆ · ಆಗಸ್ಟ್ 11

ಐದು ತಂತಿಯ ಪ್ರಶ್ನೆಗೆ ಕೀಬೋರ್ಡ್ ಕಡೆಯಿಂದ ಉತ್ತರ ಕೊಡುತ್ತೇನೆ. ಆರ್ಕೆಸ್ಟ್ರಾದಲ್ಲಿ 14 ವರ್ಷ ನುಡಿಸಿದ್ದೇನೆ.

ಹಾಡುವವರು ಸ್ಟೇಜ್ ಮೇಲೆ ಬಂದು, "ಇವತ್ತು ಗಂಟಲು ಸರಿಯಿಲ್ಲ, ಅರ್ಧ ಸ್ವರ ಇಳಿಸಿ" ಅಂತಾರೆ. ನಾವು ಟ್ರಾನ್ಸ್‌ಪೋಸ್ ಬಟನ್ ಒತ್ತುತ್ತೇವೆ, ಮುಗಿಯಿತು. ನಿಮಗೆ ಬಟನ್ ಇಲ್ಲ. ಕೆಳಗಿನ ಇ ತಂತಿ ಬಿಟ್ಟು ನುಡಿಸುವ ಹಾಡು ಇ ಫ್ಲ್ಯಾಟ್‌ಗೆ ಇಳಿದರೆ ಆ ಕೆಳಸ್ವರ ನಾಲ್ಕು ತಂತಿಯಲ್ಲಿ ಇಲ್ಲವೇ ಇಲ್ಲ. ಐದು ತಂತಿ ಇದ್ದರೆ ಕೈ ಸರಿಸಿದರೆ ಸಾಕು. ಅದಕ್ಕೇ ಆರ್ಕೆಸ್ಟ್ರಾದವರು ಅದನ್ನು ಇಷ್ಟಪಡುತ್ತಾರೆ.

ಆದರೆ ನಿಮಗೆ ಇದು ಮೊದಲ ಸ್ಟೇಜ್, ಮೂರು ತಿಂಗಳು ಇದೆ. ಎರಡು ವರ್ಷ ನಾಲ್ಕು ತಂತಿಯಲ್ಲಿ ಕೂತ ಕೈ. ಹೊಸದಾಗಿ ಅಗಲ ನೆಕ್ ಹಿಡಿದು, ನುಡಿಸದ ತಂತಿಯ ಸದ್ದು ತಡೆಯಲು ಕಲಿಯುವುದು ಈಗ ಬೇಡ. ಹಾಡುವವರ ಶ್ರುತಿಯನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಕೆಳಗೆ ಬೇಕಾದರೆ ಇ ತಂತಿಯನ್ನು ಡಿಗೆ ಇಳಿಸಿ ಅಭ್ಯಾಸ ಮಾಡಿ.

ನನ್ನ ಇನ್ನೊಂದು ಕೋರಿಕೆ ಇದೆ. ನಿಮ್ಮ ಕೀಬೋರ್ಡಿನವರ ಜೊತೆ ಕೂತು ಮಾತಾಡಿ. ಬೇಸಿಸ್ಟ್ ಇಲ್ಲದ ತಂಡಗಳಲ್ಲಿ ನಾವು ಎಡಗೈಯಲ್ಲೇ ಬೇಸ್ ನುಡಿಸಿ ಅಭ್ಯಾಸ. ಸ್ಟೈಲ್ (ಕೀಬೋರ್ಡ್ ತಾನೇ ನುಡಿಸುವ ಹಿನ್ನೆಲೆ) ಹಾಕಿದರೆ ಅದರೊಳಗೂ ಒಂದು ಬೇಸ್ ಬರುತ್ತದೆ. ನೀವು ಬಂದ ಮೇಲೂ ಅದು ಹಾಗೇ ನಡೆದರೆ ಮೂರು ಬೇಸ್ ಒಂದರ ಮೇಲೊಂದು ಬಿದ್ದು ಕೆಸರಾಗುತ್ತದೆ. ಸ್ಟೈಲಿನ ಬೇಸ್ ಪಾರ್ಟ್ ಮ್ಯೂಟ್ ಮಾಡಿಸಿ, ಎಡಗೈ ಮೇಲಕ್ಕೆ ಸರಿಸಲು ಹೇಳಿ. ಇಳಯರಾಜಾ ಅವರ ಹಾಡು ಮಾಡುವಾಗಂತೂ ಬೇಸೇ ಅರ್ಧ ಹಾಡು. ಅದಕ್ಕೆ ಜಾಗ ಬಿಟ್ಟುಕೊಡುವುದು ನಮ್ಮ ಕೆಲಸ. ಎಷ್ಟು ದುಡ್ಡಿನ ಬೇಸ್ ಕೊಂಡರೂ ಈ ಮಾತುಕತೆ ಆಗದಿದ್ದರೆ ಅದು ಕೇಳುವುದಿಲ್ಲ.

ಸ್ಯಾನ್ ಹೋಸೆ ಕನ್ನಡಿಗ · ಆಗಸ್ಟ್ 12

ಅಮೆರಿಕದಿಂದ ತರಿಸುವ ಬಗ್ಗೆ: ತಂತಿ, ಪೆಡಲ್, ಯುಎಸ್‌ಬಿ ಇಂಟರ್‌ಫೇಸ್ (ಬೇಸನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ತರಿಸಿ, ತೊಂದರೆ ಇಲ್ಲ. ಆಂಪ್ ತರಿಸುವ ಮುಂಚೆ ಹಿಂಬದಿ ಓದಿ. ಇಲ್ಲಿನದು 120 ವೋಲ್ಟ್, ಊರಿನದು 230. ಬರೀ 120 ಅಂತ ಬರೆದ ಆಂಪನ್ನು ಅಲ್ಲಿ ಹಾಗೇ ಚುಚ್ಚಿದರೆ ಅದೇ ಕೊನೆ. ಪೆಡಲಿನ ಅಡಾಪ್ಟರ್‌ಗೂ ಇದೇ ಮಾತು. 100-240 ಅಂತ ಇದ್ದರೆ ಮಾತ್ರ ತನ್ನಿ. ಬೇಸನ್ನು ವಿಮಾನದಲ್ಲಿ ತರುವುದು ದೊಡ್ಡ ಕಷ್ಟ, ನಾನು ಒಮ್ಮೆ ತಂದಿದ್ದೇನೆ, ಇನ್ನೊಮ್ಮೆ ತರುವುದಿಲ್ಲ.

ರಾತ್ರಿ ರೆಕಾರ್ಡಿಂಗ್, ಬೆಂಗಳೂರು · ಆಗಸ್ಟ್ 12

ಮನೆ ರೆಕಾರ್ಡಿಂಗ್ ಬಗ್ಗೆ ನಾನು ಬರೆಯುತ್ತೇನೆ. ಹನ್ನೊಂದನೇ ಮಹಡಿಯ ಫ್ಲ್ಯಾಟ್, ಪಕ್ಕದ ಕೋಣೆಯಲ್ಲಿ ಮಗು ಮಲಗಿರುತ್ತದೆ. ಏಳು ವರ್ಷದಿಂದ ಆಂಪ್ ಇಲ್ಲದೆ ರೆಕಾರ್ಡ್ ಮಾಡುತ್ತಿದ್ದೇನೆ. ಬೇಸ್‌ಗೆ ಇದು ಕೊರತೆಯೇ ಅಲ್ಲ. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಅವರ ಬೇಸ್ ಹೆಚ್ಚಾಗಿ ನೇರವಾಗಿ ಕನ್ಸೋಲಿಗೇ (ಸ್ಟುಡಿಯೋ ಮಿಕ್ಸರಿಗೇ) ಹೋಗುತ್ತಿತ್ತು. ಹಳೆಯ ಫ್ಲ್ಯಾಟ್‌ವೌಂಡ್ (ನುಣುಪು ಸುತ್ತಿನ) ತಂತಿ, ಪ್ರಿಸಿಷನ್ ಬೇಸ್, ಒಂದು ವೈರು. ಆ ಹಾಡುಗಳನ್ನು ಇವತ್ತು ಕೇಳಿದರೂ ಮೈ ಝುಂ ಅನ್ನುತ್ತದೆ.

ನಿಮಗೆ ಬೇಕಾದದ್ದು ಒಂದು ಇಂಟರ್‌ಫೇಸ್. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಸಾಕು. ನೀವು ಹಾಡುವವರ ಜೊತೆ ಒಟ್ಟಿಗೆ ಎರಡು ಮೈಕ್ ರೆಕಾರ್ಡ್ ಮಾಡುವುದಾದರೆ ಮಾತ್ರ ಅದೇ ಕಂಪನಿಯ 2ಐ2. ಇನ್‌ಪುಟ್ ಹತ್ತಿರ 'ಇನ್‌ಸ್ಟ್' ಅನ್ನುವ ಸ್ವಿಚ್ ಒತ್ತಲು ಮರೆಯಬೇಡಿ. ಮಾವ ಹೇಳಿದ ಇಂಪೀಡೆನ್ಸ್ ಕಥೆಯೇ ಅದು. ಕಂಪನಿಯ ಸ್ವಂತ ಡ್ರೈವರ್ ಹಾಕಿ. 24 ಬಿಟ್, 48 ಕಿಲೋಹರ್ಟ್ಸ್, ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಎತ್ತಿಕೊಳ್ಳುವ ಸದ್ದಿನ ತುಂಡು) 128. ಆಗ ಬಫರಿನಿಂದ ಆಗುವ ತಡ ಒಂದು ಕಡೆಗೆ 2.7 ಮಿಲಿಸೆಕೆಂಡ್. ಆಂಪ್‌ನಿಂದ ಒಂದು ಮೀಟರ್ ದೂರ ನಿಂತರೆ ಗಾಳಿಯಲ್ಲಿ ಸದ್ದು ಬರಲು ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಲ್ಯಾಪ್‌ಟಾಪ್ ಚಟಚಟ ಅಂದರೆ 256ಕ್ಕೆ ಏರಿಸಿ. ಟ್ರ್ಯಾಕ್ ಮೋನೋ ಇರಲಿ. ಜೋರಾಗಿ ನುಡಿಸಿದಾಗ ಮೀಟರ್ ಮೈನಸ್ 10ರ ಆಸುಪಾಸಿನಲ್ಲಿ ನಿಲ್ಲಲಿ, ಕೆಂಪು ಮುಟ್ಟಬಾರದು.

ಸಾಫ್ಟ್‌ವೇರ್‌ಗೆ ರೀಪರ್. 60 ದಿನ ಉಚಿತವಾಗಿ ನೋಡಬಹುದು, ಆಮೇಲೆ ಹವ್ಯಾಸಿಗಳ ಲೈಸೆನ್ಸ್ 60 ಡಾಲರ್. ಅದನ್ನು ಕೊಳ್ಳಿ, ಮಾಡಿದವರಿಗೆ ಸಲ್ಲಬೇಕಾದ ದುಡ್ಡು. ಆಂಪಿನ ಬಣ್ಣ ಬೇಕಾದರೆ ನ್ಯೂರಲ್ ಆಂಪ್ ಮಾಡೆಲರ್ ಅಂತ ಒಂದು ಪ್ಲಗಿನ್ ಉಚಿತವಾಗಿ ಸಿಗುತ್ತದೆ. ಯಾವಾಗಲೂ ಎಫೆಕ್ಟ್ ಇಲ್ಲದ ಒಣ ಸದ್ದನ್ನೇ ರೆಕಾರ್ಡ್ ಮಾಡಿ, ಬಣ್ಣ ಆಮೇಲೆ ಹಾಕಿ. ಇವತ್ತು ಇಷ್ಟವಾದ ಬಣ್ಣ ನಾಳೆ ಬೇಡ ಅನ್ನಿಸಿದರೆ ಮತ್ತೆ ನುಡಿಸಬೇಕಾಗಿಲ್ಲ.

ಸ್ಪೀಕರ್ ಬೇಡ, ಹೆಡ್‌ಫೋನ್ ತಗೊಳ್ಳಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿನ ಇ ತಂತಿ 41.2 ಹರ್ಟ್ಸ್. ಅದರ ಅಲೆ 8 ಮೀಟರಿಗಿಂತ ಉದ್ದ. ನಮ್ಮ ಕೋಣೆ 10 ಅಡಿಗೆ 12 ಅಡಿ. 12 ಅಡಿ ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್ ಅನುರಣಿಸುತ್ತದೆ, 10 ಅಡಿಯ ನಡುವೆ 56. ಎ ತಂತಿ ಬಿಟ್ಟು ನುಡಿಸಿದರೆ 55. ಅಂದರೆ ಆ ಕೋಣೆಯಲ್ಲಿ ಎ ಸ್ವರ ಗೋಡೆ ನಡುಗಿಸುತ್ತದೆ, ಪಕ್ಕದ ಸ್ವರ ಸೊರಗುತ್ತದೆ. ಒಳ್ಳೆಯ ಸ್ಪೀಕರ್ ತಂದಿಟ್ಟರೂ ನೀವು ಕೇಳುವುದು ಕೋಣೆಯನ್ನೇ. ಮೊಟ್ಟೆ ಟ್ರೇ, ತೆಳು ಫೋಮ್ ಅಂಟಿಸಿದರೆ ಇಷ್ಟು ಕೆಳಗಿನ ಸದ್ದಿಗೆ ಏನೂ ಆಗುವುದಿಲ್ಲ. ನಾನು ಒಂದು ಗೋಡೆ ಪೂರ್ತಿ ಅಂಟಿಸಿ, ಆಮೇಲೆ ಕಿತ್ತೆ. ಆಡಿಯೋ-ಟೆಕ್ನಿಕಾ ಎಂ20ಎಕ್ಸ್ ಅಥವಾ ಎಂ40ಎಕ್ಸ್ ಈ ತಲೆನೋವನ್ನು ಪೂರ್ತಿ ತಪ್ಪಿಸುತ್ತವೆ.

ಕೊನೆಗೆ ಮಿಕ್ಸ್ ಆದದ್ದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ. ನಮ್ಮ ಜನ ಹಾಡು ಕೇಳುವುದು ಅದರಲ್ಲೇ ತಾನೆ? ಆ ಪುಟ್ಟ ಸ್ಪೀಕರ್ ಬೇಸಿನ ಮೂಲ ಸ್ವರವನ್ನು ನುಡಿಸಲಾರದು. ಅದರ ಜೊತೆ ಹುಟ್ಟುವ ಮೇಲಿನ ಸ್ವರಗಳು, ಅಂದರೆ ಹಾರ್ಮೋನಿಕ್‌ಗಳು, ಕೇಳಿದರೆ ಕಿವಿ ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಸ್ವಲ್ಪವೇ ಸ್ವಲ್ಪ ಓವರ್‌ಡ್ರೈವ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಸೇರಿಸಿ, 700ರಿಂದ 1000 ಹರ್ಟ್ಸ್ ನಡುವೆ ಚೂರು ಎತ್ತಿ. ಬೇಸ್ ಎದ್ದು ಬರುತ್ತದೆ.

ತುಮಕೂರು ಬೇಸ್ · ಸೆಪ್ಟೆಂಬರ್ 14

ಕೊಂಡದ್ದರ ಲೆಕ್ಕ ಬರೆಯುತ್ತೇನೆ, ಇನ್ಯಾರಿಗಾದರೂ ಉಪಯೋಗವಾಗಲಿ.

ಟಿಆರ್‌ಬಿಎಕ್ಸ್174 ಸೆಕೆಂಡ್ ಹ್ಯಾಂಡ್, 13,500 ರೂಪಾಯಿ. ಬೆಂಗಳೂರಿನ ಒಬ್ಬರು ಕೊಟ್ಟರು, ನೆಕ್ ಚೆನ್ನಾಗಿದೆ. ಸೆಟಪ್ ಮತ್ತು 45-105 ದಪ್ಪದ ತಂತಿ ಸೇರಿ 3,200. ಸ್ಕಾರ್ಲೆಟ್ ಸೋಲೋ, ಅದೂ ಸೆಕೆಂಡ್ ಹ್ಯಾಂಡ್, 7,500. ಆಕ್ಟಿವ್ ಡಿಐ, ಹೆಡ್‌ಫೋನ್, ಎರಡು ಕೇಬಲ್, ಪೆಡಲ್ ಟ್ಯೂನರ್, ಅಗಲವಾದ ಸ್ಟ್ರ್ಯಾಪ್ ಎಲ್ಲಾ ಸೇರಿ 13 ಸಾವಿರದ ಹತ್ತಿರ. ಟೆಸ್ಟರ್ ಮನೆಯಲ್ಲೇ ಇತ್ತು. ಉಳಿದ ಏಳು ಸಾವಿರ ಚಿಲ್ಲರೆ ಸಣ್ಣ ಆಂಪಿಗೆ ಅಂತ ಎತ್ತಿಟ್ಟಿದ್ದೇನೆ.

ಈಗ ಒಂದು ತೊಂದರೆ. ರೆಕಾರ್ಡ್ ಮಾಡಿದರೆ ಹಿಂದೆ ಗುಂಯ್ ಅನ್ನುವ ಸದ್ದು. ವಿಡಿಯೋ ಒಂದನ್ನು ನೋಡಿ 50 ಹರ್ಟ್ಸ್‌ನಲ್ಲಿ ಆಳವಾಗಿ ಕತ್ತರಿಸಿದೆ. ಗುಂಯ್ ಕಡಿಮೆಯಾಯಿತು, ಆದರೆ ಇ ತಂತಿಯ ಮೂರನೇ ಫ್ರೆಟ್‌ನ ಸ್ವರ ಮಾತ್ರ ಸತ್ತ ಹಾಗೆ ಕೇಳುತ್ತದೆ. ಬೇಸ್ ಕೆಟ್ಟಿದೆಯಾ? ತುಂಬಾ ಚಿಂತೆಯಾಗಿದೆ.

ರಾತ್ರಿ ರೆಕಾರ್ಡಿಂಗ್, ಬೆಂಗಳೂರು · ಸೆಪ್ಟೆಂಬರ್ 14

ಬೇಸ್ ಚೆನ್ನಾಗಿದೆ, ಚಿಂತೆ ಬಿಡಿ. ನಮ್ಮ ಕರೆಂಟ್ 50 ಹರ್ಟ್ಸ್. ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ನೀವು ಹಮ್ ಕತ್ತರಿಸುವಾಗ ಪಕ್ಕದಲ್ಲೇ ಇದ್ದ ಸ್ವರವನ್ನೂ ಕತ್ತರಿಸಿದ್ದೀರಿ. ಅದನ್ನು ತೆಗೆದುಹಾಕಿ. ಬೇಸಿನಲ್ಲಿ ಹಮ್ ಅನ್ನು ಫಿಲ್ಟರಿನಿಂದ ಗುಡಿಸಲಾಗದು, ಅದು ಬರುವ ಬಾಗಿಲನ್ನೇ ಮುಚ್ಚಬೇಕು.

ಇವತ್ತು ರಾತ್ರಿ ಹೀಗೆ ಮಾಡಿ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಸದ್ದು ಹೋದರೆ ಕಳ್ಳ ಚಾರ್ಜರ್ ಕಡೆ ಇದ್ದಾನೆ. ಹೋಗದಿದ್ದರೆ ಬೇಸ್ ಹಿಡಿದು ಕುರ್ಚಿಯಲ್ಲಿ ನಿಧಾನಕ್ಕೆ ಸುತ್ತಿ. ದಿಕ್ಕು ಬದಲಾದ ಹಾಗೆ ಸದ್ದು ಏರಿಳಿದರೆ ಪಿಕಪ್ ಗಾಳಿಯಿಂದ ಹಿಡಿಯುತ್ತಿದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಡಿಮ್ಮರ್, ಅಗ್ಗದ ಎಲ್‌ಇಡಿ ದೀಪ ಒಂದೊಂದಾಗಿ ಆರಿಸಿ ನೋಡಿ. ಹಳೆಯ ಇನ್ವರ್ಟರ್ ಮೇಲೆ ನಡೆಯುವಾಗ ಕರೆಂಟಿನ ಅಲೆ ಚೌಕವಾಗಿರುತ್ತದೆ, ಆಗಂತೂ ರೆಕಾರ್ಡ್ ಮಾಡಲೇಬೇಡಿ.

ತುಮಕೂರು ಬೇಸ್ · ಸೆಪ್ಟೆಂಬರ್ 15

ಸಿಕ್ಕಿತು! ಚಾರ್ಜರ್ ಕಿತ್ತ ಕೂಡಲೇ ಮುಕ್ಕಾಲು ಪಾಲು ಸದ್ದು ಹೋಯಿತು. ನೋಡಿದರೆ ನಾನು ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಕನ್ವರ್ಟರ್‌ನಲ್ಲಿ ಸಿಕ್ಕಿಸಿದ್ದೆ. ಗೋಡೆಯ ಸಾಕೆಟ್‌ಗೆ ನೇರವಾಗಿ ಹಾಕಿದೆ, ಆಗಲೂ ಅಷ್ಟೇ ಇತ್ತು. ಎಲೆಕ್ಟ್ರಿಷಿಯನ್ ಕರೆಸಿದೆ. ಆ ಸಾಕೆಟ್‌ನಲ್ಲಿ ಅರ್ಥ್ ವೈರೇ ಜೋಡಿಸಿರಲಿಲ್ಲ! ಮನೆ ಕಟ್ಟಿ ಹನ್ನೆರಡು ವರ್ಷವಾಯಿತು, ಅಮ್ಮ ಅದೇ ಸಾಕೆಟ್‌ನಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕುತ್ತಿದ್ದರು. ಎದೆ ಧಸಕ್ಕೆಂದಿತು. ಈಗ ಇಡೀ ಮನೆಯ ಸಾಕೆಟ್ ಪರೀಕ್ಷೆ ಮಾಡಿಸಿದ್ದೇನೆ.

ಉಳಿದ ಸಣ್ಣ ಸದ್ದು ಫ್ಯಾನ್ ರೆಗ್ಯುಲೇಟರಿನದ್ದು. ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್.

ಮೈಕ್‌ಸೆಟ್ ಮಾವ, ಹಾಸನ · ಸೆಪ್ಟೆಂಬರ್ 15

ಇದನ್ನು ಓದಿ ನಿಜವಾಗಲೂ ಸಮಾಧಾನವಾಯಿತು ತಮ್ಮಾ. ಸ್ಟೇಜಿನಲ್ಲಿ ಗುಂಯ್ ಬಂದರೆ ಡಿಐ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತು. ಅದು ಡಿಐಯಿಂದ ಮಿಕ್ಸರಿಗೆ ಹೋಗುವ ವೈರಿನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಅಪಾಯ ಇಲ್ಲ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು ಬೇರೆ, ಅದನ್ನು ಯಾರು ಹೇಳಿದರೂ ಮಾಡಬೇಡ.

ಹುಬ್ಬಳ್ಳಿ ರಾಕ್ · ಸೆಪ್ಟೆಂಬರ್ 16

ಸ್ಟೇಜಿಗೆ ಎರಡು ಸಣ್ಣ ಮಾತು. ಕ್ಲಿಪ್ ಟ್ಯೂನರ್ ಗದ್ದಲದಲ್ಲಿ ಇ ತಂತಿ ಹಿಡಿಯಲು ಒದ್ದಾಡುತ್ತದೆ, ಪೆಡಲ್ ತಗೊಂಡದ್ದು ಒಳ್ಳೆಯದಾಯಿತು. 12ನೇ ಫ್ರೆಟ್‌ನ ಹಾರ್ಮೋನಿಕ್ ಮುಟ್ಟಿ ಶ್ರುತಿ ಮಾಡಿ, ಬೇಗ ಕೂರುತ್ತದೆ. ಮತ್ತೆ ಡಿಐಗೆ ಹೊಸ 9 ವೋಲ್ಟ್ ಬ್ಯಾಟರಿ, ಜೇಬಿನಲ್ಲಿ ಇನ್ನೊಂದು.

ತುಮಕೂರು ಬೇಸ್ · ನವೆಂಬರ್ 3

ಕಾರ್ಯಕ್ರಮ ಮುಗಿಯಿತು. ಎಲ್ಲವನ್ನೂ ಬರೆಯಲೇಬೇಕು ಅನ್ನಿಸಿತು.

ಸಂಜೆ ಐದಕ್ಕೆ ಹೋದೆ. ಕರೆಂಟ್ ಜನರೇಟರಿನಿಂದ. ಮೈಕ್ ನಿಲ್ಲಿಸಿದ ಮೇಲೆ ಮಾವ ಹೇಳಿದ ಹಾಗೆ ಟೆಸ್ಟರ್ ಮುಟ್ಟಿಸಿದೆ. ಹತ್ತಿತು. ಮೊದಲು ನಂಬಿಕೆ ಬರಲಿಲ್ಲ, ಇನ್ನೊಂದು ಮೈಕಿಗೆ ಮುಟ್ಟಿಸಿದೆ. ಅದರಲ್ಲೂ ಹತ್ತಿತು. ಸೌಂಡಿನ ಹುಡುಗನನ್ನು ಕರೆದು ತೋರಿಸಿದೆ. ಅವನು ಒಳ್ಳೆಯವನು, ಬೇಜಾರು ಮಾಡಿಕೊಳ್ಳಲಿಲ್ಲ. ಜನರೇಟರ್ ಪಕ್ಕ ಅರ್ಥಿಂಗ್ ಸಲಾಕೆ ಹೊಡೆದಿದ್ದರು, ಆದರೆ ವೈರು ಅದರಿಂದ ಕಳಚಿ ಬಿದ್ದಿತ್ತು. ಮತ್ತೆ ಬಿಗಿದು, ಸುತ್ತ ಉಪ್ಪು ನೀರು ಸುರಿದರು. ಟೆಸ್ಟರ್ ಆರಿತು. ನಮ್ಮ ಗಾಯಕಿ ಬರಿಗಾಲಲ್ಲಿ ಹಾಡುವವರು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಮಿಕ್ಸರಿನಲ್ಲಿ 48 ವೋಲ್ಟ್ ಇತ್ತು, ಆದರೂ ಬ್ಯಾಟರಿಯಲ್ಲೇ ನಡೆಸಿದೆ. ಗುಂಯ್ ಬಂತು, ಗ್ರೌಂಡ್ ಲಿಫ್ಟ್ ಒತ್ತಿದೆ, ಹೋಯಿತು. ಒಂದೇ ಮಾನಿಟರ್ ಇತ್ತು, ಅದು ಹಾಡುವವರ ಮುಂದೆ. ಹುಬ್ಬಳ್ಳಿ ಅಣ್ಣ ಹೇಳಿದ್ದು ಆಗ ಅರ್ಥವಾಯಿತು. ಮೊದಲ ಎರಡು ಹಾಡು ನನಗೆ ನಾನು ಕೇಳಲೇ ಇಲ್ಲ. ಆಮೇಲೆ ರಿದಮ್ ಪ್ಯಾಡ್ ನುಡಿಸುವವನ ಪಕ್ಕಕ್ಕೆ ಸರಿದು, ಸಬ್ ಬಾಕ್ಸಿನ ಸದ್ದು ಕಾಲಿಗೆ ತಾಗುವ ಜಾಗದಲ್ಲಿ ನಿಂತೆ. ಅಲ್ಲಿಂದ ಚೆನ್ನಾಗಿ ನಡೆಯಿತು. ಸಣ್ಣ ಆಂಪಿಗೆ ದುಡ್ಡು ಕೂಡಿಡುವುದನ್ನು ಮುಂದುವರಿಸುತ್ತೇನೆ.

ಕೀಬೋರ್ಡ್ ಅಕ್ಕನ ಮಾತು ಕೇಳಿ ನಮ್ಮ ಕೀಬೋರ್ಡಿನವನ ಜೊತೆ ಎರಡು ಭಾನುವಾರ ಕೂತಿದ್ದೆ. ಅವನು ಎಡಗೈ ಎತ್ತಿಟ್ಟ. ಕೊನೆಯ ಹಾಡಿನಲ್ಲಿ ಅವನೂ ಪ್ಯಾಡಿನವನೂ ನಿಲ್ಲಿಸಿ, ನಾಲ್ಕು ಆವರ್ತ ಬೇಸ್ ಒಂದೇ. ಆ ಹೊತ್ತಿಗೆ ಕಾಲು ನಡುಗುತ್ತಿತ್ತು, ಆದರೆ ಕೈ ನಡುಗಲಿಲ್ಲ. ರಾತ್ರಿ ಹತ್ತಕ್ಕೆ ಮೈಕ್ ಬಂದ್ ಆಗಬೇಕು ಅಂತ ಪೊಲೀಸರು ಮೊದಲೇ ಹೇಳಿದ್ದರು, 9:50ಕ್ಕೆ ಮುಗಿಸಿದೆವು.

ಮಿಕ್ಸರಿನಿಂದ ನನ್ನ ಚಾನಲ್ ಬೇರೆಯಾಗಿ ರೆಕಾರ್ಡ್ ಮಾಡಿಕೊಟ್ಟಿದ್ದಾರೆ. ಈ ಭಾನುವಾರ ರೀಪರಿನಲ್ಲಿ ಹಾಕಿ ಕೇಳುತ್ತೇನೆ. ರಾತ್ರಿ ರೆಕಾರ್ಡಿಂಗ್ ಅಣ್ಣ, ಅದಕ್ಕೆ ಹೈಪಾಸ್ (ತೀರಾ ಕೆಳಗಿನ ಸದ್ದು ಕತ್ತರಿಸುವ ಫಿಲ್ಟರ್) ಎಷ್ಟರಲ್ಲಿ ಹಾಕಲಿ?

ರಾತ್ರಿ ರೆಕಾರ್ಡಿಂಗ್, ಬೆಂಗಳೂರು · ನವೆಂಬರ್ 3

30 ಹರ್ಟ್ಸ್‌ನಲ್ಲಿ ಹಾಕಿ. ಇ ತಂತಿ 41, ಅದನ್ನು ಮುಟ್ಟಬಾರದು. ಮೂರನೇ ಫ್ರೆಟ್‌ನ ಜಿ ಹೇಗೆ ಬಂದಿದೆ ಅಂತ ಮೊದಲು ಕೇಳಿ, ನನಗೂ ಕಳಿಸಿ.